ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇರುವಾಗ ಊರಿಗೆ ಬರುವುದು ಹೇಗೆ?

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಆ ಹೊತ್ತಿಗೆ ಅಮೆರಿಕದಲ್ಲಿರುವ ಮಗ ಬರಲಿ ಎಂದು ಹಾಸನದ ಅಪ್ಪ ಅಮ್ಮಂದಿರ ಆಸೆ. 'ಗ್ರೀನ್ ಕಾರ್ಡ್‌ಗೆ ಹಾಕಿದ್ದಾನೆ, ಈಗ ಬರೋ ಹಾಗಿಲ್ವಂತೆ' ಎಂಬ ಮಾತೂ ಅಷ್ಟೇ ಮಾಮೂಲಿ. ಎಷ್ಟೋ ಸಲ ಬರಬಹುದು. ಟಿಕೆಟ್‌ಗೆ ಮೊದಲು ಕಾಗದ ನೋಡಬೇಕು, ಅಷ್ಟೆ.

ಮೊದಲು, 'ಹಾಕಿದ್ದಾನೆ' ಅಂದರೆ ಏನು ಹಾಕಿದ್ದಾನೆ ಎಂದು ಕೇಳಿ. ಅವನ ಪರವಾಗಿ ಕಂಪನಿ ಹಾಕಿದ ಐ-140 ಎಂಬ ಅರ್ಜಿ ಮಾತ್ರ ಆಗಿದ್ದರೆ, ಊರಿಗೆ ಬಂದು ಹೋದರೆ ಅದಕ್ಕೇನೂ ಆಗುವುದಿಲ್ಲ. ಭಾರತೀಯರ ಸರದಿ ಬಹಳ ಉದ್ದ. ಜಾಸ್ತಿ ಜನ ವರ್ಷಗಟ್ಟಲೆ ಕಾಯುವುದು ಇದೇ ಹಂತದಲ್ಲಿ. ಸರದಿ ಬಂದ ಮೇಲೆ ಅಲ್ಲಿದ್ದುಕೊಂಡೇ ಹಾಕುವ ಅರ್ಜಿ ಐ-485. ಎಚ್ಚರ ಬೇಕಾದ್ದು ಇದಕ್ಕೆ.

ಐ-485 ಬಾಕಿ ಇದೆಯಾ? ಹಾಗಾದರೆ ಯಾವ ವೀಸಾದಲ್ಲಿದ್ದಾನೆ ನೋಡಿ. ಕೆಲಸದ ವೀಸಾಗಳಾದ ಎಚ್-1ಬಿ, ಎಲ್-1 ನವರು, ಅವರ ಜೊತೆ ಹೆಂಡತಿ, ಗಂಡ, ಮಕ್ಕಳಾಗಿ ಹೋದ ಎಚ್-4, ಎಲ್-2 ನವರು ಅದೇ ವೀಸಾದಲ್ಲಿ ವಾಪಸ್ ಹೋದರೆ ಅರ್ಜಿ ಉಳಿಯುತ್ತದೆ. ಓದಲು ಹೋದ ಎಫ್-1 ನವರಿಗೆ ಈ ವಿನಾಯಿತಿ ಇಲ್ಲ. ಅವರು 'ಅಡ್ವಾನ್ಸ್ ಪೆರೋಲ್' ಇಲ್ಲದೆ ಹೊರಟರೆ ಅರ್ಜಿ ಕೈಬಿಟ್ಟ ಹಾಗೆಯೇ ಲೆಕ್ಕ. ಪೆರೋಲ್ ಅಂದಕೂಡಲೇ ಜೈಲು ನೆನಪಾಗುತ್ತದೆ, ಅಲ್ವಾ? ಇದು ಬರೀ ವಾಪಸ್ ಬರಲು ಮುಂಚೆಯೇ ಪಡೆಯುವ ಅನುಮತಿ.

ಎಚ್-1ಬಿ ಇದ್ದರೂ ಪಾಸ್‌ಪೋರ್ಟಿನ ಸ್ಟಾಂಪಿಂಗ್, ಅಂದರೆ ಅದರಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿದ್ದರೆ ಇಲ್ಲಿಂದ ಹೊಸದು ಮಾಡಿಸಿಕೊಂಡೇ ಹೋಗಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಹಾಸನದವರಿಗೂ ಖುಷಿಯಾಗಿತ್ತು. ಆದರೆ ವೀಸಾ ಕೆಲಸ ಆಗ ಶುರುವಾಗಲಿಲ್ಲ. ನಮ್ಮವರು ಆಗಲೂ ಹೋಗಿ ಬರುತ್ತಿದ್ದುದು ಚೆನ್ನೈಗೆ, ಇಲ್ಲವೇ ಹೈದರಾಬಾದಿಗೆ. ಅಪಾಯಿಂಟ್‌ಮೆಂಟ್ ಸಿಗದೆ ರಜೆ ಮುಗಿದರೆ ಕೆಲಸಕ್ಕೇ ಕುತ್ತು. ಅಡ್ವಾನ್ಸ್ ಪೆರೋಲ್ ಕೈಯಲ್ಲಿದ್ದರೆ ಸ್ಟಾಂಪಿಂಗ್ ಬೇಕಿಲ್ಲ. ಅದಕ್ಕೇ ಎಚ್-1ಬಿ ಇದ್ದವರೂ ಅದನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು ಎನ್ನುವುದು ನನ್ನ ಅನಿಸಿಕೆ.

ಅದಕ್ಕೆ ಹಾಕಬೇಕಾದ್ದು ಐ-131 ಫಾರಂ. ಜನ ಎಡವುವುದು ಇಲ್ಲೇ. ಫಾರಂ ಕಳಿಸಿದ ರಸೀದಿ ಬಂತು ಎಂದು ವಿಮಾನ ಹತ್ತುವ ಹಾಗಿಲ್ಲ. ಅನುಮತಿ ಪತ್ರ ಕೈಗೆ ಬರುವ ಮೊದಲೇ ಹೊರಟರೆ ಸಾಮಾನ್ಯವಾಗಿ ಆ ಐ-131 ಅರ್ಜಿಯೂ ಬಿದ್ದುಹೋಗುತ್ತದೆ. ಪತ್ರದಲ್ಲಿರುವ ಕೊನೆಯ ದಿನಾಂಕದೊಳಗೆ ವಾಪಸ್ ಇಳಿದಿರಬೇಕು. ಪತ್ರ ಇದ್ದರೂ ಒಳಗೆ ಬಿಡುವುದು ವಿಮಾನ ನಿಲ್ದಾಣದ ಅಧಿಕಾರಿಯ ತೀರ್ಮಾನ.

ಮನೆಯಲ್ಲಿ ಯಾರಿಗಾದರೂ ತೀರಾ ಹುಷಾರಿಲ್ಲ ಅಂದರೆ? ಅಲ್ಲಿನ ಇಮಿಗ್ರೇಷನ್ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ತುರ್ತು ಅಡ್ವಾನ್ಸ್ ಪೆರೋಲ್ ಕೇಳಬಹುದು. ಆಗ ಕೆಲಸ ಹಾಸನದವರದ್ದು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಡಾಕ್ಟರು ಸಹಿ ಮಾಡಿದ ಪತ್ರ ಬೇಕು. ರೋಗಿಯ ಹೆಸರು, ಕಾಯಿಲೆ, ಈಗಿನ ಸ್ಥಿತಿ ಅದರಲ್ಲಿರಲಿ. 'ಸೀರಿಯಸ್' ಎಂಬ ವಾಟ್ಸಾಪ್ ಮೆಸೇಜ್ ಸಾಲದು. ಕನ್ನಡದ ಕಾಗದವಾದರೆ ಪೂರ್ತಿ ಇಂಗ್ಲಿಷ್ ಅನುವಾದ, ಜೊತೆಗೆ ಅದು ಸರಿಯಿದೆ ಎಂಬ ಅನುವಾದಕರ ಸಹಿ ಬೇಕು.

ಪಕ್ಕದ ಬೀದಿಯವರ ಮಗ ಸುಮ್ನೆ ಹಾಗೇ ಬಂದು ಹೋದ ಎಂಬ ಕಥೆ ನಂಬಬೇಡಿ. ಅವನದು ಬರೀ ಐ-140 ಇದ್ದಿರಬಹುದು. ಹೊರಡುವ ಮೊದಲು ಮಗ ತನ್ನ ವಕೀಲರಿಗೆ ಪಾಸ್‌ಪೋರ್ಟ್, ರಸೀದಿ ಎಲ್ಲ ತೋರಿಸಲಿ. ವಾಪಸ್ ಹೋಗುವಾಗ ಅಸಲು ಪತ್ರಗಳು ಕೈಚೀಲದಲ್ಲಿರಲಿ. ಉಪ್ಪಿನಕಾಯಿ ಜೊತೆ ಲಗೇಜಿಗೆ ಹಾಕಬೇಡಿ. ಇಳಿದ ಮೇಲೆ ಆನ್‌ಲೈನ್‌ನಲ್ಲಿ ಐ-94 ಎಂಬ ಪ್ರವೇಶ ದಾಖಲೆ ತೆಗೆದು, ಹೆಸರು, ದಿನಾಂಕ ಸರಿ ಇದೆಯಾ ಎಂದು ನೋಡಲು ಹೇಳಿ.