ಹೊಸದಾಗಿ ಜೋಡಿಸಿದ ಅಂಬಾಸಿಡರ್ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆಯೇ? ದೋಷ ಹುಡುಕುವ ಕ್ರಮ

ಬೋರಿಂಗ್ (ಸವೆದ ಸಿಲಿಂಡರುಗಳ ಒಳಗೋಡೆ, ಅಂದರೆ ಬೋರ್, ಕೊರೆಸುವುದು) ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ, ವರ್ಷಗಟ್ಟಲೆ ಷೆಡ್ಡಿನಲ್ಲಿದ್ದ ಅಂಬಾಸಿಡರ್ ಅನ್ನು ರಸ್ತೆಗಿಳಿಸಿದ ವಾರದಲ್ಲೇ ಟೆಂಪರೇಚರ್ ಮುಳ್ಳು ಮೇಲೇರತೊಡಗಿದರೆ, ಬಹುತೇಕ ಮಾಲೀಕರು ಮೊದಲು ಹೊಸ ರೇಡಿಯೇಟರ್ ಕೊಳ್ಳಲು ಹೊರಡುತ್ತಾರೆ. ಅಳತೆಗೆ ಮುನ್ನ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ. ಈ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಸರಿಯಾಗಿದ್ದರೆ ನಮ್ಮ ಬೇಸಿಗೆಯನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ.

ಎಂಜಿನ್ ನಿಜವಾಗಿಯೂ ಕಾಯುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಥರ್ಮೋಸ್ಟ್ಯಾಟ್ (ನೀರು ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ಬಿಡುವ ಕವಾಟ) ಕವಚದ ಮೇಲೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಅದರತ್ತ ಹಿಡಿಯಿರಿ. ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿದರೆ ತಪ್ಪು ಅಂಕಿ ಬರುತ್ತದೆ. ಅಲ್ಲಿ 85ರಿಂದ 90 ಡಿಗ್ರಿ ಇದ್ದು ಮುಳ್ಳು ಮಾತ್ರ ಕೆಂಪಿನಲ್ಲಿದ್ದರೆ ತೊಂದರೆ ಮೀಟರಿನದು. ವೋಲ್ಟೇಜ್ ಸ್ಟೆಬಿಲೈಸರ್ (ಮೀಟರಿಗೆ ಹೋಗುವ ವಿದ್ಯುತ್ತನ್ನು ಒಂದೇ ಮಟ್ಟದಲ್ಲಿಡುವ ಸಾಧನ) ಇರುವ ಮೀಟರುಗಳಲ್ಲಿ, ಹೊಸ ಬಣ್ಣದ ಪದರದಿಂದಾಗಿ ಅದಕ್ಕೆ ಅರ್ಥಿಂಗ್ ಸಿಗದೆ ಹೋದರೆ ಪೆಟ್ರೋಲ್ ಮುಳ್ಳೂ ಜೊತೆಗೇ ಮೇಲೇರಿರುತ್ತದೆ.

ಶಾಖ ನಿಜವೆಂದಾದರೆ, ಅದು ಯಾವಾಗ ಏರುತ್ತದೆ ಎಂದು ಗಮನಿಸಿ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಗಾಳಿಯ ಕೊರತೆ: ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ಇಲ್ಲವೇ ಜೋಡಿಸುವಾಗ ಫ್ಯಾನನ್ನೇ ಹಿಂದುಮುಂದಾಗಿ ಕೂರಿಸಿರಬಹುದು. ಶಿರಾಡಿ ಘಾಟಿಯಂಥ ಏರಿನಲ್ಲೋ ಹೆದ್ದಾರಿಯ ವೇಗದಲ್ಲೋ ಏರಿದರೆ ನೀರಿನ ಹರಿವನ್ನು ಅನುಮಾನಿಸಬೇಕು. ರೇಡಿಯೇಟರಿನ ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೇಡಿಯೇಟರ್ ಸ್ವಚ್ಛಗೊಳಿಸಿದವರೂ ಸಿಲಿಂಡರುಗಳಿರುವ ಎಂಜಿನ್ ಬ್ಲಾಕಿನೊಳಗಿನ ನೀರಿನ ದಾರಿಯನ್ನು ಮರೆತುಬಿಡುತ್ತಾರೆ. ನನ್ನ ಕಾರಿನಲ್ಲಿ ಬ್ಲಾಕಿನ ಹಿಂಭಾಗದ ಡ್ರೈನ್ ನಲ್ಲಿಯನ್ನು ಪೂರ್ತಿ ಬಿಚ್ಚಿದರೂ ಒಂದು ಹನಿ ನೀರು ಬರಲಿಲ್ಲ. ಗಟ್ಟಿ ತಂತಿಯಿಂದ ಚುಚ್ಚಿ ಚುಚ್ಚಿ ಕೆದಕಿದ ಮೇಲೆ ರಾಗಿ ಅಂಬಲಿಯಷ್ಟು ಮಂದವಾದ ಕೆಂಪು ತುಕ್ಕು ಇಳಿಯಿತು, ಅದರ ಹಿಂದೆ ಬೆರಳಿಗೆ ಹತ್ತುವಷ್ಟು ಒರಟು ಹರಳುಗಳು. ನಾಲ್ಕನೇ ಸಿಲಿಂಡರಿನ ಸುತ್ತ ನೀರಿನ ಬದಲು ಇದೇ ತುಂಬಿತ್ತು. ಆದ್ದರಿಂದ ಎಂಜಿನ್ ಇನ್ನೂ ಹೊರಗಿರುವಾಗಲೇ ಕೋರ್ ಪ್ಲಗ್‌ಗಳನ್ನು (ಬ್ಲಾಕಿನ ಬದಿಯ ತೂತುಗಳನ್ನು ಮುಚ್ಚುವ ಲೋಹದ ಬಿಲ್ಲೆಗಳನ್ನು) ತೆಗೆಸಿ, ಒಳಗನ್ನು ಕೆರೆದು, ಒತ್ತಡದ ನೀರಿನಿಂದ ತೊಳೆಸುವುದು ಬೋರಿಂಗ್‌ನಷ್ಟೇ ಮುಖ್ಯ.

ಥರ್ಮೋಸ್ಟ್ಯಾಟನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. 82 ಎಂದು ಅಚ್ಚೊತ್ತಿದ್ದರೆ ಅದರ ಆಸುಪಾಸಿನಲ್ಲಿ ತೆರೆಯತೊಡಗಬೇಕು. ಅದನ್ನು ಕಿತ್ತೆಸೆಯಲು ಹೇಳುವ ಮೆಕ್ಯಾನಿಕ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎಂಜಿನ್ ತಣ್ಣಗೇ ಓಡಿ ಬೋರ್ ಬೇಗ ಸವೆಯುತ್ತದೆ, ಮೂಲ ದೋಷವೂ ಉಳಿಯುತ್ತದೆ. ರೇಡಿಯೇಟರ್ ಮುಚ್ಚಳವನ್ನೂ ಕಡೆಗಣಿಸಬೇಡಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯುವ ಮುಚ್ಚಳ ಆ ಮಿತಿಯನ್ನು 108ರ ಆಚೆಗೆ ಒಯ್ಯುತ್ತದೆ, ರಬ್ಬರ್ ಒಣಗಿದ ಮುಚ್ಚಳ ಒಯ್ಯುವುದಿಲ್ಲ. ಎಂಜಿನ್ ಪೂರ್ತಿ ತಣಿಯುವ ತನಕ ಅದನ್ನು ತೆರೆಯಲೇಬೇಡಿ.

ನೀರು, ಗಾಳಿ ಎರಡೂ ಸರಿಯಿದ್ದರೆ ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಬರುವ ಹೊತ್ತು, ನೋಡಿ. ಕಿವಿಯ ಅಂದಾಜಿನಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಸಾಧನ) ಕೂರಿಸಿದಾಗ ಕಿಡಿ ತಡವಾಗಬಹುದು, ತಡವಾದರೆ ಉರಿ ಎಕ್ಸಾಸ್ಟ್ ಕಡೆಗೂ ಹಬ್ಬುತ್ತದೆ, ಬ್ಲಾಕಿನ ಮೇಲೆ ಕೂರುವ ಹೆಡ್ ಕಾಯುತ್ತದೆ. ಟೈಮಿಂಗ್ ಲೈಟ್ ಹಿಡಿದೇ ಹೊಂದಿಸಿ.

ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರಿಕೆ ತಡೆಯುವ ಹಾಳೆ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಇಲ್ಲವೇ ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ, ಗಾಡಿಯನ್ನು ಅಲ್ಲೇ ನಿಲ್ಲಿಸಿ. ಹೆಡ್ ಇಳಿಸಿದಾಗ ಗ್ಯಾಸ್ಕೆಟ್ಟಿನ ತೂತುಗಳು ಬ್ಲಾಕಿನ ತೂತುಗಳಿಗೆ ಹೊಂದುತ್ತವೆಯೇ ಎಂದು ನೋಡಿ, ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿಯಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಎಲ್ಲೆಲ್ಲಿ ನುಸುಳುತ್ತದೆ ಎಂಬುದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಯೇ ಲೇಥ್‌ಗೆ ಕಳುಹಿಸಿ.