ಪೋರ್ಟ್ ಮುಟ್ಟದೆ ಯೆಜ್ಡಿಯನ್ನು ಮೋಟೋಕ್ರಾಸ್‌ಗೆ ಇಳಿಸಿದ ನನ್ನ ಅನುಭವ

ಹಳೆಯ ಟೂ-ಸ್ಟ್ರೋಕ್ ಬೈಕ್ ಯೆಜ್ಡಿ 250 ಗಾಡಿಯನ್ನು ಮೋಟೋಕ್ರಾಸ್ ಟ್ರ್ಯಾಕಿಗೆ, ಅಂದರೆ ಏರುತಗ್ಗಿನ ಮಣ್ಣಿನ ರೇಸಿಗೆ, ಇಳಿಸುತ್ತೇನೆ, ಆದರೆ ಸಿಲಿಂಡರಿನ ಪೋರ್ಟುಗಳಿಗೆ (ಮಿಶ್ರಣ ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳಿಗೆ) ಅರ ಮುಟ್ಟಿಸುವುದಿಲ್ಲ ಎಂದಾಗ ನನ್ನ ಬಳಗದಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಎಕ್ಸಾಸ್ಟ್ ಪೋರ್ಟನ್ನು ಎತ್ತರಿಸಿ, ಹೆಡ್ ತೇದು, ದೊಡ್ಡ ಕಾರ್ಬುರೇಟರ್ ಕೂರಿಸದಿದ್ದರೆ ಆ ಎಂಜಿನ್ ಮಣ್ಣಿನ ಏರಿನಲ್ಲಿ ಉಸಿರುಗಟ್ಟುತ್ತದೆ ಎಂಬುದು ಅವರ ವಾದವಾಗಿತ್ತು. ಕಳೆದ ಕೆಲವು ಸೀಸನ್‌ಗಳಲ್ಲಿ ಪಿಸ್ಟನ್ ಒಮ್ಮೆಯೂ ಜಾಮ್ ಆಗದೆ, ಪೋರ್ಟ್ ಕೊರೆದ ಎಂಜಿನ್‌ಗಳನ್ನು ಏರಿನಲ್ಲೇ ಹಿಂದೆ ಹಾಕಿಕೊಂಡು ಓಡುತ್ತಿರುವುದರಿಂದ, ಮಾಡಿದ್ದನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೈಸೂರಿನ ಐಡಿಯಲ್ ಜಾವಾ ತಯಾರಿಸಿದ ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ. 1964ರಲ್ಲಿ ಬೆಲ್ಜಿಯಂನ ಸವಾರ ಜೋಯೆಲ್ ರಾಬರ್ಟ್, ಜಾವಾದಂತೆಯೇ ಜೆಕೊಸ್ಲೊವಾಕಿಯಾದ ಸಿಝೆಡ್ ಬೈಕಿನ ಮೇಲೆ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದನ್ನು ನೆನೆದು ನಮ್ಮ ಗಾಡಿಯೂ ಅದೇ ಕುಲದ್ದೆಂದು ಬೀಗುವವರಿದ್ದಾರೆ. ಅದು ರೇಸಿಗೆಂದೇ ಕಟ್ಟಿದ ಯಂತ್ರ. ನಮ್ಮದು ಸಂಸಾರ ಹೊರಲು ಹುಟ್ಟಿದ್ದು. ಉದ್ದ ಸ್ಟ್ರೋಕಿನ ಈ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲೇ ಎಳೆಯಬೇಕು, ಆ ಎಳೆತವನ್ನು ಕಾಪಾಡಿಕೊಂಡರೆ ಸಾಕು ಎಂಬುದೇ ನನ್ನ ಲೆಕ್ಕಾಚಾರವಾಗಿತ್ತು.

ಪೋರ್ಟ್ ಕೊರೆಯುವ ಹಾದಿಯನ್ನು ಒಂದು ಹೆಚ್ಚುವರಿ ಸಿಲಿಂಡರಿನಲ್ಲಿ ನೋಡಿಯೇ ಬಿಟ್ಟಿದ್ದೇನೆ. ಶಕ್ತಿಯೆಲ್ಲ ಮೇಲಿನ ಆರ್‌ಪಿಎಂಗೆ ಏರಿ ಕುಳಿತಿತು. ಇರುವ ನಾಲ್ಕೇ ಗೇರುಗಳ ನಡುವಿನ ಅಂತರ ದೊಡ್ಡದಾದ್ದರಿಂದ, ಎರಡರಿಂದ ಮೂರಕ್ಕೆ ಹಾಕಿದೊಡನೆ ಎಂಜಿನ್ ಕುಸಿಯುತ್ತಿತ್ತು. ಇದರ ಜೊತೆಗೆ ಪಿಸ್ಟನ್ ಪದೇ ಪದೇ ಹಿಡಿಯತೊಡಗಿತು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆಯೆಂದು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ದೊಡ್ಡದು ಮಾಡಿದರೆ ಸ್ಟಾರ್ಟಿಂಗ್ ಸಾಲಿನಲ್ಲೇ ಪ್ಲಗ್ ಕಪ್ಪಾಗುತ್ತಿತ್ತು, ಚಿಕ್ಕದು ಮಾಡಿದರೆ ಮೂರನೇ ಗೇರಿನಲ್ಲಿ ಹಿಂಚಕ್ರ ಕಟ್ಟಿಹೋಗುತ್ತಿತ್ತು. ಪ್ರತಿ ಸಲವೂ ರೀಬೋರ್, ಓವರ್‌ಸೈಜ್ ಪಿಸ್ಟನ್, ರಿಂಗ್ ಎಂದು ಸುರಿದ ಹಣವನ್ನೆಲ್ಲ ಕೂಡಿಸಿದರೆ ಗಾಡಿ ಕೊಂಡ ಬೆಲೆಯನ್ನು ಮೀರುತ್ತದೆ. ಒಂದು ವರ್ಕ್‌ಶಾಪಿನವರಂತೂ ಪಿಸ್ಟನ್-ಸಿಲಿಂಡರ್ ನಡುವಿನ ಕ್ಲಿಯರೆನ್ಸ್ ಬಿಗಿಯಾಗಿಟ್ಟು ಬೋರ್ ಮಾಡಿಕೊಟ್ಟು, ರನ್ನಿಂಗ್ ಇನ್ (ಮೊದಮೊದಲು ಮೆಲ್ಲಗೆ ಓಡಿಸಿ ಹದಗೊಳಿಸುವುದು) ಸರಿಯಾಗಿ ಮಾಡಿಲ್ಲವೆಂದು ನನಗೇ ಪಾಠ ಹೇಳಿದರು.

ನಿಜವಾದ ರೋಗ ಪತ್ತೆಯಾದದ್ದು ಕ್ರ್ಯಾಂಕ್‌ಕೇಸಿನ, ಅಂದರೆ ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಗೂಡಿನ, ಪ್ರೆಶರ್ ಟೆಸ್ಟಿನಲ್ಲಿ. ಎರಡೂ ಎಕ್ಸಾಸ್ಟ್ ಪೋರ್ಟುಗಳಿಗೂ ಇನ್‌ಟೇಕಿಗೂ ರಬ್ಬರ್ ಬಿರಡೆ ಬಿಗಿದು, ಪ್ಲಗ್ ರಂಧ್ರದಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿದರೆ, ಗೇಜಿನ ಮುಳ್ಳು ನೋಡನೋಡುತ್ತಲೇ ಸೊನ್ನೆಗಿಳಿಯಿತು. ಸೋಪಿನ ನೀರು ಹಚ್ಚಿದಾಗ ಡೈನಮೋ ಬದಿಯ ಆಯಿಲ್ ಸೀಲಿನ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳ ಸರ ಎದ್ದಿತು. ಸಿಲಿಂಡರ್ ಬುಡದ ಕೆಳಗೆ, ಕೇಸಿನ ಎರಡು ಹೋಳುಗಳು ಸೇರುವ ಗೆರೆಯಲ್ಲಿಯೂ ಒಂದು ಗುಳ್ಳೆ ಉಬ್ಬುತ್ತ ಒಡೆಯುತ್ತ ಇತ್ತು. ಡೈನಮೋ ಬದಿ ಸೋರಿದರೆ ಗಾಳಿ ಒಳನುಗ್ಗಿ ಪಿಸ್ಟನ್ ಸುಡುತ್ತದೆ, ಕ್ಲಚ್ ಬದಿ ಸೋರಿದರೆ ಪ್ರೈಮರಿ ಕೇಸಿನ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಏಳುತ್ತದೆ. ನನ್ನ ಎಂಜಿನ್ನಿಗೆ ಎರಡೂ ಇದ್ದುವು. ಹೊಸ ಸೀಲ್ ಹಾಕಿದ ಮಾತ್ರಕ್ಕೆ ವಾಸಿಯಾಗಲಿಲ್ಲ, ಏಕೆಂದರೆ ಸವೆದ ಬೇರಿಂಗಿನಲ್ಲಿ ಕ್ರ್ಯಾಂಕ್ ಓಲಾಡುತ್ತಿದ್ದರೆ ಯಾವ ಸೀಲಿನ ತುಟಿಯೂ ನಿಲ್ಲುವುದಿಲ್ಲ. ಬೇರಿಂಗ್ ಬದಲಾಯಿಸಿ, ಕ್ರ್ಯಾಂಕನ್ನು ಸುಮಾರು 0.03 ಮಿ.ಮೀ. ಒಳಗೆ ಟ್ರೂ ಮಾಡಿಸಿದ (ಓಲಾಟ ತೆಗೆಸಿದ) ಮೇಲೆ, ನಿಮಿಷಕ್ಕೆ ಅರ್ಧ ಪಿಎಸ್‌ಐಗಿಂತಲೂ ಕಡಿಮೆ ಇಳಿಯತೊಡಗಿತು. ಗಾಳಿ ಹೀರಿದಾಗ ಸೀಲುಗಳು ಬೇರೆಯೇ ರೀತಿ ವರ್ತಿಸುವುದರಿಂದ ವ್ಯಾಕ್ಯೂಮ್ ಟೆಸ್ಟನ್ನೂ ಬಿಡಬಾರದು. ಆಮೇಲೆ ಸೀಸದ ತಂತಿ ಹಾಕಿ ಸ್ಕ್ವಿಶ್ (ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಹೆಡ್ಡಿನ ಅಂಚಿಗೂ ಉಳಿಯುವ ಅಂತರ) ಅಳೆದು, ಎರಡು ಮಿ.ಮೀ. ಹತ್ತಿರವಿದ್ದುದನ್ನು ಸುಮಾರು 1.2ಕ್ಕೆ ತಂದೆ. ಕಂಪೆನಿಯ ಜೆಟ್ಟೇ ಸರಿಹೋಯಿತು.

ನಡುವೆ ಹಿಂದಿನ ಶಾಕ್ ಅಬ್ಸಾರ್ಬರುಗಳ ಗೀಳೂ ಹತ್ತಿತ್ತು. 1973ರಲ್ಲಿ ಸ್ವೀಡನ್ನಿನ ಸವಾರ ಹಾಕನ್ ಆಂಡರ್ಸನ್ ಯಮಹಾದ ಮೋನೋಶಾಕ್ (ಹಿಂದೆ ಒಂದೇ ಶಾಕ್ ಇರುವ) ಗಾಡಿಯಲ್ಲಿ 250 ಸಿಸಿ ವಿಶ್ವ ಪಟ್ಟ ಗೆದ್ದ ಮೇಲೆ ಎಲ್ಲರೂ ಸಸ್ಪೆನ್ಷನ್ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಹಿಂದೆ ಬಿದ್ದರಲ್ಲ, ಆ ಕಾಲದವರಂತೆ ನಾನೂ ಶಾಕ್‌ಗಳ ಕೆಳತುದಿಯನ್ನು ಹಿಂಚಕ್ರ ಹಿಡಿದಿರುವ ಸ್ವಿಂಗ್‌ಆರ್ಮಿನ ಮೇಲೆ ಮುಂದಕ್ಕೆ ತಂದು ವಾಲಿಸಿದೆ. ಟ್ರಾವೆಲ್ ಹೆಚ್ಚಿತು, ಆದರೆ ಸನ್ನೆಯ ಲೆಕ್ಕ (ಲಿವರೇಜ್) ಬದಲಾದದ್ದರಿಂದ ಸ್ಪ್ರಿಂಗ್ ಮೆತ್ತಗಾಗಿ ತಳಮುಟ್ಟಿತು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಸ್ವಿಂಗ್‌ಆರ್ಮ್ ಬಾಗಿತು. ಅದಕ್ಕೆ ಪಟ್ಟಿ ಬೆಸೆದರೆ ಚೈನ್ ಒಮ್ಮೆ ಬಿಗಿದು ಒಮ್ಮೆ ಜೋತುಬಿದ್ದು ಟೆನ್ಷನರ್ ಬೇಡಿತು. ಅಷ್ಟು ಟ್ರಾವೆಲ್ಲಿಗೆ ವಿಂಟೇಜ್ ವರ್ಗದಲ್ಲಿ ಸ್ಥಾನವಿದೆಯೇ ಎಂದು ಮೊದಲು ನಿಯಮ ಓದಿಕೊಳ್ಳುವುದು ಒಳ್ಳೆಯದು. ನಾನು ಶಾಕ್‌ಗಳನ್ನು ಹಿಂದಿನ ಜಾಗಕ್ಕೇ ತಂದು, ಆ ಹಣವನ್ನು ದೊಡ್ಡ ಹಿಂಬದಿ ಸ್ಪ್ರಾಕೆಟ್ಟಿಗೆ ಹಾಕಿದೆ. ಏರಿನಲ್ಲಿ ಅದು ಕೊಟ್ಟ ಫಲವನ್ನು ಬೇರೆ ಯಾವ ಬಿಡಿಭಾಗವೂ ಕೊಡಲಿಲ್ಲ. ಕೆಸರು ತುಂಬುತ್ತದೆಂದು ಮುಚ್ಚಿದ ಚೈನ್‌ಕೇಸನ್ನೂ ತೆಗೆದಿದ್ದೇನೆ.

ಇಗ್ನಿಷನ್ ಟೈಮಿಂಗನ್ನು ಎಷ್ಟಕ್ಕೆ ಇಟ್ಟಿದ್ದೇನೆ, ಎರಡು ಸೈಲೆನ್ಸರ್ ಪೈಪುಗಳನ್ನು ಎಲ್ಲಿ ಒಂದುಗೂಡಿಸಿದ್ದೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಮುಂದಿನ ರೇಸಿನಲ್ಲಿ ಎದುರಾಗುವವರೂ ಇದನ್ನು ಓದುತ್ತಾರೆ. ಪ್ರೆಶರ್ ಟೆಸ್ಟಿನ ಬಿರಡೆಗಳು ಬೇಕಿದ್ದವರು ಹಳೆಯ ಟ್ಯೂಬಿನ ರಬ್ಬರಿನಿಂದಲೇ ಮಾಡಿಕೊಳ್ಳಬಹುದು, ಹಣ ಕೊಟ್ಟು ಕೊಳ್ಳುವ ಅಗತ್ಯವಿಲ್ಲ.