ಓದು ಬಿಟ್ಟುಹೋಗಿದೆಯಾ? ನಗಿಸುವ ಪ್ರೇಮ ಕಾದಂಬರಿ ಹಿಡಿಯಿರಿ

ಓದೋ ಅಭ್ಯಾಸ ತಪ್ಪಿದವರು ದಪ್ಪ, ಗಂಭೀರ ಪುಸ್ತಕದಿಂದ ಶುರು ಮಾಡಬೇಡಿ. ಕಳೆದ ತಿಂಗಳು ತಿಲಕವಾಡಿಯ ನಮ್ಮ ಮನೆಯಲ್ಲಿ ಕರೆಂಟ್ ಹೋಗಿತ್ತು, ಫೋನ್ ಚಾರ್ಜೂ ಮುಗಿದಿತ್ತು. ಸುಮ್ನೆ ಟ್ರಂಕಿನಿಂದ ಕಾಲೇಜು ದಿನಗಳ ಕಾದಂಬರಿಯೊಂದನ್ನು ತೆಗೆದೆ. ಹಳದಿಯಾದ ಹಾಳೆ, ನಡುವೆ ಮಡಚಿಟ್ಟ ಬಸ್ ಟಿಕೆಟ್. ಮೇಣದಬತ್ತಿ ಕರಗುವವರೆಗೂ ಓದಿದೆ, ಜೋರಾಗಿ ನಕ್ಕೆ. ಕೊನೆಗೆ ನಾಯಕ, ನಾಯಕಿ ಇಬ್ಬರೂ ಒಂದಾಗ್ತಾರೆ ಅಂತ ಗೊತ್ತಿದ್ದರೂ ಕೆಳಗಿಡೋಕೆ ಮನಸ್ಸಾಗಲ್ಲ, ಅಲ್ವಾ?

ಆರಿಸುವಾಗ ಮುಖಪುಟ ನೋಡಬೇಡಿ. ಅವರಿಬ್ಬರ ಮೊದಲ ಜಗಳದ ಪುಟ ತೆರೆಯಿರಿ. ಮಾತು ಚುರುಕಾಗಿದ್ದು ತುಟಿ ಅರಳಿದರೆ ತಗೊಳ್ಳಿ. ಈ ಕಥೆಗಳ ಜೀವ ಇರೋದೇ ಜಗಳದಲ್ಲಿ. 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಅಂಡ್ ಪ್ರಿಜುಡಿಸ್’ನಲ್ಲೂ ಮೊದಲು ಹುಟ್ಟೋದು ಮನಸ್ತಾಪವೇ.

ರಾತ್ರಿ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು, ಹತ್ತೇ ಪುಟ ಓದಿ. ನಿಮ್ಮ ಹತ್ತಿರ ಹಳೆಯವು ಇದ್ದರೆ ಹೇಳಿ, ಅದಲು ಬದಲು ಮಾಡಿಕೊಳ್ಳೋಣ.